ಪೈನ್ ಕಾಡಿನ ನೆಲದುಸಿರು

ಉತ್ತರ ಸ್ವೀಡನ್ನಿನ ಪೈನ್ ಕಾಡಿನಲ್ಲಿ, ನೆಲವನ್ನು ಮುಚ್ಚಿದ ಪಾಚಿಯನ್ನೂ ಅರೆಕೊಳೆತ ಸೂಜಿಯೆಲೆಗಳ ಮೆತ್ತೆಯನ್ನೂ ಸರಿಸಿ, ಒಂದು ಎಳೆಬೇರನ್ನು ಮಸೂರದಡಿಯಲ್ಲಿ ಹಿಡಿದು ನೋಡಿದರೆ, ಅದರ ತುದಿಗಳು ಇಕ್ಕವಲಾಗಿ ಒಡೆದು, ಮೊಂಡಾಗಿ, ಬಿಳಿಯ ಅಥವಾ ಕಂದುಬಣ್ಣದ ನವಿರಾದ ಕವಚದಿಂದ ಆವೃತವಾಗಿರುವುದು ಕಾಣಬರುತ್ತದೆ. ಆ ಕವಚವು ಶಿಲೀಂಧ್ರದ್ದು. ಇಂತಹ ಬೇರಿಗೆ 1885ರಲ್ಲಿ ಮೈಕೋರೈಜಾ ಎಂದು ಹೆಸರಿಟ್ಟವನು ಜರ್ಮನಿಯ ಸಸ್ಯವಿಜ್ಞಾನಿ ಫ್ರಾಂಕ್. ಟ್ರಫಲ್ ಎಂಬ ಬೆಲೆಬಾಳುವ ಅಣಬೆಯನ್ನು ಬೆಳೆಸುವ ಉಪಾಯವನ್ನರಸಲು ಪ್ರಷ್ಯದ ಸರ್ಕಾರದಿಂದ ನಿಯುಕ್ತನಾದ ಅವನಿಗೆ ದೊರೆತದ್ದು, ಬೇರೂ ಶಿಲೀಂಧ್ರವೂ ಕೂಡಿ ಬಾಳುತ್ತವೆಂಬ, ಟ್ರಫಲ್ಲಿಗಿಂತ ಬೆಲೆಯುಳ್ಳ ಈ ತತ್ತ್ವ.

ಮರವು ಎಲೆಯಲ್ಲಿ ಸಿದ್ಧಪಡಿಸಿದ ಸಕ್ಕರೆಯಲ್ಲೊಂದು ಪಾಲನ್ನು ಶಿಲೀಂಧ್ರಕ್ಕೆ ಕೊಡುತ್ತದೆ. ಅದರ ತಂತುಗಳು ದೂರದೂರದಿಂದ ಸಾರಜನಕವನ್ನೂ ರಂಜಕವನ್ನೂ ತಂದು ಬೇರಿಗೆ ಒಪ್ಪಿಸುತ್ತವೆ. ಈ ಕೊಡುಕೊಳೆಯ ಗಾತ್ರವೆಷ್ಟೆಂಬುದು ಪ್ರತ್ಯಕ್ಷವಾದದ್ದು ಉತ್ತರ ಸ್ವೀಡನ್ನಿನ ವಿಂಡೆಲ್ನ್ ಸಮೀಪದ ಕಾಡಿನಲ್ಲಿ. ಸಂಶೋಧಕ ಪೀಟರ್ ಹೋಗ್‌ಬೆರಿ ಮತ್ತು ಸಂಗಡಿಗರು ಪೈನ್ ಮರಗಳ ಕಾಂಡದ ಸುತ್ತ ತೊಗಟೆಯನ್ನು ಉಂಗುರದಂತೆ ಸುಲಿದರು. ನೀರು ಎಂದಿನಂತೆ ಮೇಲೇರುತ್ತಿದ್ದುದರಿಂದ ಮರಗಳು ಹಸುರಾಗಿಯೇ ಉಳಿದವು, ಆದರೆ ಸಕ್ಕರೆ ಕೆಳಗಿಳಿಯುವ ದಾರಿ ಕಡಿದುಹೋಯಿತು. ಒಂದೆರಡು ತಿಂಗಳೊಳಗಾಗಿ, ಮಣ್ಣು ಹೊರಬಿಡುವ ಇಂಗಾಲಾಮ್ಲವು ಪಕ್ಕದ ಸುಲಿಯದ ಕಾಡಿಗೆ ಹೋಲಿಸಿದರೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಎಂದರೆ, ಆ ಇಂಗಾಲಾಮ್ಲದ ದೊಡ್ಡ ಪಾಲು ಮರ ಕಳಿಸಿದ ಸಕ್ಕರೆಯಿಂದ ಬದುಕುವ ಬೇರು, ಶಿಲೀಂಧ್ರಗಳದ್ದು. 2001ರಲ್ಲಿ ಪ್ರಕಟವಾದ ಈ ಫಲಿತಾಂಶದ ತರುವಾಯ, ಮಣ್ಣಿನುಸಿರೆಂದರೆ ಬಹುಪಾಲು ಹಳೆಯ ಎಲೆಗೊಬ್ಬರ ಕೊಳೆಯುವ ಉಸಿರೆಂಬ ಮಾತನ್ನು ಸಲೀಸಾಗಿ ಹೇಳುವಂತಿಲ್ಲ.

ಆದಕಾರಣ ಕಾಡನ್ನು ಬೋಳುಕಡಿತ ಮಾಡುವವನು ದಿಮ್ಮಿಗಳೊಂದಿಗೆ ನೆಲದೊಳಗಿನ ಈ ಶಿಲೀಂಧ್ರ ಕುಟುಂಬದ ಅನ್ನವನ್ನೂ ಹೊತ್ತೊಯ್ಯುತ್ತಾನೆ. ಲೆಕ್ಕಪುಸ್ತಕದಲ್ಲಿ ಘನಮೀಟರುಗಳನ್ನಷ್ಟೇ ಬರೆಯುವ ಅರಣ್ಯಶಾಸ್ತ್ರವು ಇದನ್ನು ಬಹುಕಾಲ ಗಣಿಸಲೇ ಇಲ್ಲವೆಂಬುದು ನನಗೆ ಸೋಜಿಗವೆನಿಸುವುದಿಲ್ಲ. ಕಾಣದ್ದನ್ನು ಎಣಿಸುವುದು ಯಾವ ಇಲಾಖೆಗೂ ಅಭ್ಯಾಸವಿಲ್ಲ. 1993ರ ಸ್ವೀಡನ್ನಿನ ಅರಣ್ಯ ಕಾಯಿದೆಯು ಪರಿಸರವನ್ನು ಉತ್ಪಾದನೆಗೆ ಸರಿಸಮಾನವಾಗಿ ನಿಲ್ಲಿಸಿದ ಮೇಲೆ, ಕಡಿತದ ಜಾಗದಲ್ಲಿ ಕೆಲವು ಮರಗಳನ್ನು ಉಳಿಸುವ ಪದ್ಧತಿ ಬಲವಾಯಿತು. ಉಳಿಸಿದ ಮರಗಳು ಹೆಚ್ಚಿದಷ್ಟೂ ಉಳಿಯುವ ಶಿಲೀಂಧ್ರಗಳೂ ಹೆಚ್ಚು.

ಕಡಿದ ಜಾಗದಲ್ಲಿ ನೆಡುವ ನರ್ಸರಿಯ ಸಸಿಯೇನೂ ಬರಿಬೇರಿನಲ್ಲಿ ಬರುವುದಿಲ್ಲ. ಥೆಲೆಫೋರದಂತಹ ಒಂದೆರಡು ಶಿಲೀಂಧ್ರ ಜಾತಿಗಳನ್ನು ಜೊತೆಗೆ ತರುತ್ತದೆ. ಆದರೆ ಹಳೆಯ ಕಾಡಿನ ಕಾರ್ಟಿನೇರಿಯಸ್ ಕುಲದ ಕೆಲವು ಅಣಬೆಗಳು, ಗಟ್ಟಿಯಾದ ಹ್ಯೂಮಸ್ಸನ್ನೇ ಕಿಣ್ವಗಳಿಂದ ಭೇದಿಸಿ ಅದರಲ್ಲಿ ಬಂಧಿತವಾದ ಸಾರಜನಕವನ್ನು ಬಿಡಿಸಿ ತರಬಲ್ಲವು. ಬೋಳಾದ ನೆಲದಲ್ಲಿ ಅವು ಮತ್ತೆ ಮೊದಲಿನಂತೆ ನೆಲೆಗೊಳ್ಳಲು ದಶಕಗಳೇ ಬೇಕು.