ಸ್ಕ್ಯಾನ್ ಮಾಡಿದ ಸಮೀಕ್ಷಾ ನಮೂನೆಗಳಲ್ಲಿ ಓಎಂಆರ್ ವಲಯಗಳನ್ನು ಗೊತ್ತುಪಡಿಸುವ ಕ್ರಮ

(ಗ್ರಾಮ ಪಂಚಾಯತಿಗಳ ಕಾರ್ಯದರ್ಶಿಗಳು, ಡೇಟಾ ಎಂಟ್ರಿ ಆಪರೇಟರುಗಳು ಹಾಗೂ ಸಮೀಕ್ಷಾ ಸಿಬ್ಬಂದಿಯ ತಿಳಿವಳಿಕೆಗಾಗಿ)

ಮನೆ ಸಮೀಕ್ಷೆಯ ನಮೂನೆಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಟೈಪು ಮಾಡುವ ಬದಲು, ಸ್ಕ್ಯಾನ್ ಮಾಡಿ ಚೌಕಗಳಲ್ಲಿನ ಗುರುತುಗಳನ್ನು ತಂತ್ರಾಂಶದಿಂದಲೇ ಓದಿಸುವ ವಿಧಾನಕ್ಕೆ ಓಎಂಆರ್ ಎಂದು ಹೆಸರು. ಸಾಮಾನ್ಯ ಪ್ರವೇಶ ಪರೀಕ್ಷೆ ಹಾಗೂ ಲೋಕಸೇವಾ ಆಯೋಗದ ಪರೀಕ್ಷೆಗಳ ಉತ್ತರ ಪತ್ರಿಕೆಗಳಿಂದ ಇದು ಎಲ್ಲರಿಗೂ ಪರಿಚಿತ. ಆದರೆ ಪರೀಕ್ಷಾ ಕೊಠಡಿಗೂ ಗ್ರಾಮದ ಜಗಲಿಗೂ ವ್ಯತ್ಯಾಸವಿದೆ. ಅಲ್ಲಿ ದಪ್ಪ ಕಾಗದ, ಮೇಜು ಹಾಗೂ ಸೂಚನೆಗಳನ್ನು ಓದಿಕೊಂಡ ಅಭ್ಯರ್ಥಿ ಇರುತ್ತಾರೆ. ಇಲ್ಲಿ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರು ಮಡಿಲಲ್ಲಿ ಹಾಳೆ ಇಟ್ಟುಕೊಂಡು, ಕೈಗೆ ಸಿಕ್ಕ ಪೆನ್ನಿನಿಂದ ಗುರುತು ಹಾಕುತ್ತಾರೆ. ಆದುದರಿಂದ ವಲಯಗಳನ್ನು ಗೊತ್ತುಪಡಿಸುವಾಗ ಹೆಚ್ಚಿನ ಎಚ್ಚರ ಅಗತ್ಯ. ಒಂದು ಚೌಕ ತಪ್ಪಾಗಿ ಓದಲ್ಪಟ್ಟರೆ ಒಂದು ಕುಟುಂಬವೇ ಪಟ್ಟಿಯಿಂದ ಹೊರಗುಳಿಯಬಹುದು.

1. ವಲಯ ಎಂದರೇನು

ತಂತ್ರಾಂಶಕ್ಕೆ ಪ್ರಶ್ನೆಯೂ ತಿಳಿಯದು, ಉತ್ತರವೂ ತಿಳಿಯದು. ಪುಟದ ಮೇಲಂಚಿನಿಂದ ಇಷ್ಟು ಕೆಳಗೆ, ಎಡ ಅಂಚಿನಿಂದ ಇಷ್ಟು ಬಲಕ್ಕೆ ಇರುವ ಒಂದು ಸಣ್ಣ ಆಯತದಲ್ಲಿ ಎಷ್ಟು ಭಾಗ ಕಪ್ಪಾಗಿದೆ ಎಂಬುದನ್ನಷ್ಟೇ ಅದು ಅಳೆಯುತ್ತದೆ. ಆ ಆಯತವೇ ವಲಯ.

300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದಾಗ ಪ್ರತಿ ಅಂಗುಲಕ್ಕೆ 300 ಚುಕ್ಕೆಗಳು ದಾಖಲಾಗುತ್ತವೆ. 210 ಮಿ.ಮೀ. ಅಗಲ, 297 ಮಿ.ಮೀ. ಉದ್ದದ ಎ4 ಹಾಳೆಯು ಸುಮಾರು 2,480 × 3,508 ಚುಕ್ಕೆಗಳ ಚಿತ್ರವಾಗುತ್ತದೆ, ಒಂದು ಮಿ.ಮೀ.ಗೆ ಹತ್ತಿರಹತ್ತಿರ 12 ಚುಕ್ಕೆಗಳು. ಸ್ಕ್ಯಾನರಿನಲ್ಲಿ ಶುದ್ಧ ಕಪ್ಪು-ಬಿಳುಪಿನ ಬದಲು ಬೂದುಛಾಯೆಯ ಆಯ್ಕೆಯನ್ನು ಇಟ್ಟುಕೊಳ್ಳುವುದು ಲೇಸು. ಕಪ್ಪು-ಬಿಳುಪಿನಲ್ಲಿ ಪೆನ್ಸಿಲ್ಲಿನ ತೆಳು ಗುರುತು ಸ್ಕ್ಯಾನರಿನಲ್ಲಿಯೇ ಅಳಿದುಹೋಗಬಹುದು. ಅನಂತರ ಯಾವ ತಂತ್ರಾಂಶವೂ ಅದನ್ನು ಮರಳಿ ತರಲಾರದು.

2. ನಮೂನೆಯ ವಿನ್ಯಾಸ

ವಲಯದ ಕೆಲಸ ನಮೂನೆ ಮುದ್ರಣವಾಗುವ ಮೊದಲೇ ಆರಂಭವಾಗುತ್ತದೆ. ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

(ಅ) "ಹೌದು" ಎಂಬುದಕ್ಕೆ ಮಾತ್ರ ಚೌಕವಿಟ್ಟು, ಖಾಲಿ ಬಿಟ್ಟರೆ "ಇಲ್ಲ" ಎಂದು ಭಾವಿಸುವ ಪ್ರಶ್ನೆಗಳು ಇರಕೂಡದು. "ಮನೆಗೆ ನಲ್ಲಿ ಸಂಪರ್ಕವಿದೆಯೇ?", "ಮನೆಯಲ್ಲಿ ವಿಶೇಷಚೇತನರಿದ್ದಾರೆಯೇ?" ಎಂಬಂತಹ ಪ್ರತಿ ಪ್ರಶ್ನೆಗೂ "ಹೌದು", "ಇಲ್ಲ" ಎಂಬ ಎರಡು ಚೌಕಗಳಿರಬೇಕು. ಆಗ ಎರಡೂ ಖಾಲಿಯಾಗಿ ಕಂಡುಬಂದರೆ, ಕೇಳುವುದು ಬಿಟ್ಟುಹೋಗಿದೆ ಅಥವಾ ಓದುವುದು ತಪ್ಪಿದೆ ಎಂಬುದು ತಾನೇ ಬಯಲಾಗುತ್ತದೆ. ಒಂದೇ ಚೌಕವಿದ್ದಲ್ಲಿ ಆ ತಪ್ಪು "ಇಲ್ಲ" ಎಂಬ ಉತ್ತರದ ವೇಷದಲ್ಲಿ ಪಟ್ಟಿ ಸೇರುತ್ತದೆ.

(ಆ) ಹೆಬ್ಬೆಟ್ಟಿನ ಗುರುತು, ಸಹಿ ಹಾಗೂ ಕಚೇರಿ ಮೊಹರಿನ ಜಾಗವನ್ನು ಚೌಕಗಳಿಂದ ದೂರದಲ್ಲಿಡಬೇಕು. ಚೌಕದ ಮೇಲೆ ಬಿದ್ದ ಮೊಹರಿನ ಶಾಯಿಯನ್ನು ತಂತ್ರಾಂಶ ಉತ್ತರವೆಂದೇ ಎಣಿಸುತ್ತದೆ.

(ಇ) ಕಡತಕ್ಕೆ ಸೇರಿಸಲು ಹಾಳೆಯ ಎಡಬದಿಯಲ್ಲಿ ಟ್ಯಾಗ್ ರಂಧ್ರ ಹಾಕುವುದು ವಾಡಿಕೆ. ಆ ಅಂಚಿನಲ್ಲಿ ಚೌಕವಾಗಲಿ ಮೂಲೆಗುರುತಾಗಲಿ ಇರಬಾರದು. ಸ್ಕ್ಯಾನ್ ಮುಗಿಯುವವರೆಗೆ ರಂಧ್ರ ಹಾಕದಿರುವುದು ಇನ್ನೂ ಉತ್ತಮ.

(ಈ) ಪ್ರತಿ ಹಾಳೆಯಲ್ಲಿ ಕ್ರಮಸಂಖ್ಯೆಯು ಅಂಕಿಯಲ್ಲಿಯೂ ಬಾರ್‌ಕೋಡಿನಲ್ಲಿಯೂ ಮುದ್ರಿತವಾಗಿರಬೇಕು. ಯಾವ ಚಿತ್ರ ಯಾವ ಮನೆಯದೆಂದು ಹುಡುಕಲು ಇದೊಂದೇ ಕೊಂಡಿ.

3. ಮೂಲೆಗುರುತು ಮತ್ತು ಓರೆ

ಸ್ಕ್ಯಾನರಿನೊಳಗೆ ಹಾಳೆ ನೇರವಾಗಿಯೇ ಸಾಗುವುದೆಂಬ ಭರವಸೆ ಇಲ್ಲ. ಹಾಳೆ ಕೇವಲ 1 ಡಿಗ್ರಿ ಓರೆಯಾದರೆ, 297 ಮಿ.ಮೀ. ಉದ್ದದಲ್ಲಿ ಸುಮಾರು 5 ಮಿ.ಮೀ.ಯಷ್ಟು ಸರಿತವಾಗುತ್ತದೆ. ಅದು ಒಂದು ಚೌಕದ ಪೂರ್ತಿ ಅಗಲ. ಪುಟದ ಮೇಲ್ಭಾಗದಲ್ಲಿ ಸರಿಯಾಗಿ ಓದುತ್ತಿದ್ದ ತಂತ್ರಾಂಶ, ಕೆಳಭಾಗದಲ್ಲಿ ಪಕ್ಕದ ಖಾಲಿ ಜಾಗವನ್ನು ಓದತೊಡಗುತ್ತದೆ. ನಮೂನೆಯನ್ನು ಜೆರಾಕ್ಸ್ ಮಾಡುವಾಗ ಗಾತ್ರ ಶೇ. 97ಕ್ಕೆ ಇಳಿದರೆ, ಪುಟದ ಕೊನೆಯ ಸಾಲು ತನ್ನ ಸ್ಥಾನದಿಂದ ಸುಮಾರು 9 ಮಿ.ಮೀ. ಮೇಲಕ್ಕೆ ಸರಿಯಬಹುದು.

ಇದಕ್ಕೆ ಪರಿಹಾರ, ಹಾಳೆಯ ನಾಲ್ಕು ಮೂಲೆಗಳಲ್ಲಿ ಮುದ್ರಿಸುವ ದಟ್ಟ ಕಪ್ಪು ಗುರುತುಗಳು. ತಂತ್ರಾಂಶ ಮೊದಲು ಇವುಗಳನ್ನು ಹುಡುಕಿ, ಓರೆಯನ್ನೂ ಗಾತ್ರವನ್ನೂ ಸರಿಪಡಿಸಿಕೊಂಡು, ಆಮೇಲೆ ವಲಯಗಳನ್ನು ಅಳೆಯಬೇಕು. ಮೂರು ಮೂಲೆಗಳಲ್ಲಿ ಚೌಕಾಕಾರ, ಒಂದರಲ್ಲಿ ವೃತ್ತಾಕಾರವಿಟ್ಟರೆ ತಲೆಕೆಳಗಾಗಿ ಸ್ಕ್ಯಾನ್ ಆದ ಹಾಳೆಯೂ ಗೊತ್ತಾಗುತ್ತದೆ. ಗುರುತುಗಳು ಅಂಚಿನಿಂದ ಕನಿಷ್ಠ 10 ಮಿ.ಮೀ. ಒಳಗಿರಲಿ. ವಲಯದ ಅಳತೆಯನ್ನು ಹಾಳೆಯ ಅಂಚಿನಿಂದ ಲೆಕ್ಕ ಹಾಕದೆ ಈ ಗುರುತುಗಳಿಂದಲೇ ಲೆಕ್ಕ ಹಾಕಬೇಕು. ಮೂಲೆಗುರುತು ಸಿಗದ ಹಾಳೆಯನ್ನು ಅಂದಾಜಿನಿಂದ ಓದಿಸದೆ ಬೇರೆಯಾಗಿ ತೆಗೆದಿಡಬೇಕು.

4. ವಲಯದ ಗಾತ್ರ ಮತ್ತು ಮಿತಿಗಳು

ಮುದ್ರಿತ ಚೌಕ 5 ಮಿ.ಮೀ. ಇದ್ದರೆ ವಲಯವನ್ನು ಅದರೊಳಗೆ 4 ಮಿ.ಮೀ.ಗೆ ಗೊತ್ತುಪಡಿಸುವುದು ಅನುಕೂಲ. ವಲಯವು ಚೌಕದಷ್ಟೇ ಇದ್ದರೆ ಮುದ್ರಿತ ಗೆರೆಯೂ ಕಪ್ಪಿನ ಲೆಕ್ಕಕ್ಕೆ ಸೇರಿ, ಖಾಲಿ ಚೌಕವೂ ತುಂಬಿದಂತೆ ತೋರುತ್ತದೆ. ಇದೇ ಕಾರಣಕ್ಕೆ ಚೌಕದೊಳಗೆ ಅಕ್ಷರ ಅಥವಾ ಅಂಕಿಯನ್ನು ಮುದ್ರಿಸಬಾರದು.

ಇನ್ನು ಎಷ್ಟು ಕಪ್ಪಾದರೆ "ಗುರುತು" ಎನ್ನಬೇಕು? ಲೆಕ್ಕ ಹೀಗಿದೆ. 4 ಮಿ.ಮೀ. ವಲಯದ ವಿಸ್ತೀರ್ಣ 16 ಚದರ ಮಿ.ಮೀ. ಅರ್ಧ ಮಿ.ಮೀ. ದಪ್ಪದ ಪೆನ್ನಿನಿಂದ 5 ಮಿ.ಮೀ. ಉದ್ದದ ಸರಿಗುರುತು ಹಾಕಿದರೆ ಮುಚ್ಚುವುದು 2.5 ಚದರ ಮಿ.ಮೀ., ಅಂದರೆ ಸುಮಾರು ಶೇ. 16 ಮಾತ್ರ. ಒಂದು ಮಿ.ಮೀ. ಅಡ್ಡಳತೆಯ ಶಾಯಿಯ ಹನಿ ಸುಮಾರು ಶೇ. 5ರಷ್ಟನ್ನು ಮುಚ್ಚುತ್ತದೆ. ಪೂರ್ತಿ ತುಂಬಿದ ಚೌಕವೇ ಉತ್ತರವೆಂದು ಎಣಿಸಿ ಮಿತಿಯನ್ನು ಶೇ. 40ಕ್ಕೆ ಇಟ್ಟರೆ, ಸರಿಗುರುತು ಹಾಕಿದ ಪ್ರತಿಯೊಂದು ಚೌಕವೂ ಖಾಲಿ ಎಂದು ದಾಖಲಾಗುತ್ತದೆ. ಮಿತಿಯನ್ನು ಶೇ. 4ಕ್ಕೆ ಇಳಿಸಿದರೆ ಶಾಯಿಯ ಹನಿಯೂ ಉತ್ತರವಾಗುತ್ತದೆ.

ಆದುದರಿಂದ ಒಂದು ಮಿತಿ ಸಾಲದು, ಎರಡು ಬೇಕು. ಕೆಳಮಿತಿಗಿಂತ ಕಡಿಮೆ ಇದ್ದರೆ "ಖಾಲಿ", ಮೇಲ್ಮಿತಿಗಿಂತ ಹೆಚ್ಚಿದ್ದರೆ "ಗುರುತು", ನಡುವೆ ಬಂದರೆ "ಸಂದೇಹ". ಹೌದು-ಇಲ್ಲ ಎರಡೂ ತುಂಬಿದ್ದರೆ ಅಥವಾ ಎರಡೂ ಖಾಲಿಯಿದ್ದರೆ ಅದೂ "ಸಂದೇಹ"ಕ್ಕೇ ಸೇರಬೇಕು. ಸಂದೇಹದ ಚೌಕಗಳನ್ನು ಸಿಬ್ಬಂದಿ ಪರದೆಯ ಮೇಲೆ ಕಣ್ಣಾರೆ ನೋಡಿ ತೀರ್ಮಾನಿಸತಕ್ಕದ್ದು. ನೋಡಿದರೂ ತಿಳಿಯದಿದ್ದಲ್ಲಿ ಆ ಮನೆಗೆ ಮತ್ತೊಮ್ಮೆ ಹೋಗಿ ಕೇಳತಕ್ಕದ್ದು. ಕೆಲಸ ಬೇಗ ಮುಗಿಯಲೆಂದು ಎರಡು ಮಿತಿಗಳ ನಡುವಿನ ಅಂತರವನ್ನು ಕಿರಿದುಗೊಳಿಸುವುದು, ಸಂದೇಹವನ್ನು ನಿವಾರಿಸಿದಂತಲ್ಲ, ಮರೆಮಾಚಿದಂತೆ.

5. ಪರೀಕ್ಷಾರ್ಥ ಓದು

ಮಿತಿಗಳನ್ನು ಕಚೇರಿಯಲ್ಲಿ ಕುಳಿತು ಊಹಿಸಲಾಗದು. ಸಮೀಕ್ಷೆಗೆ ಹೋಗುವ ಕಾರ್ಯಕರ್ತೆಯರಿಂದಲೇ, ಅವರು ಬಳಸುವ ಪೆನ್ನುಗಳಿಂದಲೇ ಸುಮಾರು 30 ಹಾಳೆಗಳನ್ನು ತುಂಬಿಸಬೇಕು. ಕೆಲವನ್ನು ಮಡಿಸಿ, ಕೆಲವನ್ನು ಬೇಕೆಂದೇ ಓರೆಯಾಗಿ ಸ್ಕ್ಯಾನರಿಗೆ ಕೊಡಬೇಕು. ಇಬ್ಬರು ಬೇರೆ ಬೇರೆಯಾಗಿ ಕೈಲೆಕ್ಕ ಮಾಡಿ, ಅದನ್ನು ತಂತ್ರಾಂಶದ ಓದಿನೊಂದಿಗೆ ಚೌಕಕ್ಕೆ ಚೌಕ ಹೋಲಿಸಬೇಕು. ಗುರುತು ಇರುವ ಚೌಕ "ಸಂದೇಹ"ಕ್ಕೆ ಹೋದರೆ ಚಿಂತೆಯಿಲ್ಲ. ಅದು "ಖಾಲಿ" ಎಂದು ದಾಖಲಾದರೆ, ಒಂದೇ ಆದರೂ, ಮಿತಿಗಳನ್ನು ಬದಲಿಸಿ ಮತ್ತೆ ಪರೀಕ್ಷಿಸಬೇಕು. ಮುದ್ರಕರು ಅಥವಾ ಸ್ಕ್ಯಾನರ್ ಬದಲಾದರೂ ಈ ಪರೀಕ್ಷೆಯನ್ನು ಪುನಃ ನಡೆಸಬೇಕು.

6. ತಾಳೆ ಮತ್ತು ಪ್ರಕಟಣೆ

ಹಂಚಿದ ನಮೂನೆಗಳಲ್ಲಿ ಮರಳಿ ಬಂದವೆಷ್ಟು, ಸ್ಕ್ಯಾನ್ ಆದವೆಷ್ಟು, ದಾಖಲಾದವೆಷ್ಟು ಎಂಬ ಸಂಖ್ಯೆಗಳು ತಾಳೆಯಾಗಬೇಕು. ಪ್ರತಿ ಪ್ರಶ್ನೆಗೂ ಹೌದು, ಇಲ್ಲ, ಸಂದೇಹ ಇವುಗಳ ಮೊತ್ತ ಒಟ್ಟು ನಮೂನೆಗಳಿಗೆ ಸಮನಾಗಬೇಕು. ಯಾವುದೋ ಒಂದು ವಾರ್ಡಿನಲ್ಲಿ ಪುಟದ ಕೊನೆಯ ಪ್ರಶ್ನೆಗಳಿಗೆ ಮಾತ್ರ ಸಂದೇಹಗಳು ಹೆಚ್ಚಾಗಿದ್ದರೆ, ಜನರ ಉತ್ತರವನ್ನು ಶಂಕಿಸುವ ಮೊದಲು ಹಾಳೆಯ ಓರೆಯನ್ನು ಪರಿಶೀಲಿಸಬೇಕು.

ಕರಡು ಪಟ್ಟಿಯನ್ನು ವಾರ್ಡ್ ಸಭೆಯಲ್ಲಿ ಓದಿ ಹೇಳುವುದು ಕೊನೆಯ ಹಾಗೂ ಅತ್ಯಂತ ನಂಬಿಕೆಯ ಪರಿಶೀಲನೆ. ಆಕ್ಷೇಪಣೆಗಳು ಇತ್ಯರ್ಥವಾಗುವವರೆಗೆ ಮೂಲ ಹಾಳೆಗಳನ್ನೂ ಚಿತ್ರಗಳನ್ನೂ ಕ್ರಮಸಂಖ್ಯೆಯಂತೆ ಕಾಪಾಡಬೇಕು. ತನ್ನ ಹೆಸರೇಕೆ ಇಲ್ಲವೆಂದು ಒಂಟಿ ವೃದ್ಧೆಯೊಬ್ಬರು ಕೇಳಿದಾಗ, "ಕಂಪ್ಯೂಟರಿನಲ್ಲಿ ಹಾಗೆ ಬಂದಿದೆ" ಎಂಬುದು ಉತ್ತರವಾಗಲಾರದು. ಅವರ ಹಾಳೆಯನ್ನು ತೆಗೆದು, ಆ ಚೌಕವನ್ನು ಅವರ ಮುಂದಿಟ್ಟು ತೋರಿಸುವಂತಿರಬೇಕು. ದಾಖಲೆ ಎಂಬುದು ಆ ಹಾಳೆ. ತಂತ್ರಾಂಶದ ಓದು ಅದರ ನಕಲು ಮಾತ್ರ.