ಕೆಂಪುಕಲ್ಲಿನ ಭಾರಕ್ಕೆ ಬಾಯಿಬಿಡುವ ಪಿಕಪ್ ಬಾಡಿ

ಕಾಸರಗೋಡು: ಮಳೆಗಾಲ ಮುಗಿದು ಕೆಂಪುಕಲ್ಲಿನ ಪಣೆಗಳಲ್ಲಿ ಕಲ್ಲು ಕೊಯ್ಯುವ ಯಂತ್ರದ ಸದ್ದು ಶುರುವಾಯಿತೆಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ ಕಡೆಯ ಪಿಕಪ್‌ಗಳಿಗೆ ಪುರುಸೊತ್ತಿಲ್ಲ. ಗುಡ್ಡೆಯ ಮೇಲಿನ ಪಣೆಯಿಂದ ತಗ್ಗಿನ ತೋಟದ ಮನೆಗೆ, ಡಾಮರು ಕಾಣದ ದಾರಿಯಲ್ಲಿ, ದಿನಕ್ಕೆ ಐದಾರು ಟ್ರಿಪ್. ಎರಡು ಮೂರು ವರ್ಷ ಹೀಗೆ ಓಡಿದ ಗಾಡಿಯನ್ನು ನೋಡಿದರೆ ಇಂಜಿನ್ ಸರಿಯಿರುತ್ತದೆ, ಗೇರು ಸರಿಯಿರುತ್ತದೆ, ಬ್ಯಾಂಕಿನ ಕಂತು ಮಾತ್ರ ಬಾಕಿಯಿರುತ್ತದೆ. ಆದರೆ ಹಿಂದಿನ ಬಾಡಿಯ ತಳ ಹೊಟ್ಟೆ ಬಿಟ್ಟಿರುತ್ತದೆ, ಬಾಗಿಲು ಕೊಂಡಿಗೆ ಕೂರುವುದಿಲ್ಲ, ಮೂಲೆಯ ಕಂಬದ ಬುಡದಲ್ಲಿ ಕೂದಲೆಳೆಯ ಬಿರುಕು. "ಈಗಿನ ಶೀಟು ಪೇಪರಿನ ಹಾಗೆ" ಎಂದು ಮಾಲೀಕರು ಕಂಪೆನಿಯನ್ನು ಬೈಯುತ್ತಾರೆ. ಬೈಗುಳದಲ್ಲಿ ಸ್ವಲ್ಪ ಹುರುಳಿದೆಯಾದರೂ ಪೂರ್ತಿ ನ್ಯಾಯವಿಲ್ಲ.

ಮೊದಲು ಲೆಕ್ಕ ನೋಡೋಣ. ಗಾಡಿ ಎಷ್ಟು ಹೊರಬಹುದು ಎಂಬುದು ಆರ್.ಸಿ.ಯಲ್ಲೇ ಇದೆ. ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕವನ್ನು ಕಳೆದರೆ ಉಳಿಯುವುದೇ ಹೇರಬಹುದಾದ ಭಾರ. ನಮ್ಮ ಕಡೆ ಹೆಚ್ಚಾಗಿ ಕಾಣುವ ಪಿಕಪ್‌ಗಳಲ್ಲಿ ಇದು ಮಾದರಿಗೆ ತಕ್ಕಂತೆ ಸುಮಾರು 1.2ರಿಂದ 1.7 ಟನ್. 2005ರಲ್ಲಿ ಬಂದ ಟಾಟಾ ಏಸ್‌ನಂಥ ಸಣ್ಣ ಗಾಡಿಯಲ್ಲಿ ಮುಕ್ಕಾಲು ಟನ್ನಿನ ಆಸುಪಾಸು. ಇನ್ನು ಕಲ್ಲು. 39 ಸೆಂಟಿಮೀಟರ್ ಉದ್ದ, 19 ಅಗಲ, 19 ಎತ್ತರದ ಒಂದು ಕೆಂಪುಕಲ್ಲು ಹತ್ತಿರ ಹತ್ತಿರ 28 ಕೆಜಿ ತೂಗುತ್ತದೆ. ಪಣೆಯಿಂದ ಆಗಷ್ಟೇ ತೆಗೆದದ್ದಾದರೆ ಒಳಗಿನ ನೀರೂ ಸೇರಿ 30 ದಾಟಬಹುದು. ಕೆಂಪುಕಲ್ಲಿನ ಗುಣವೇ ಅದು. ನೆಲದಲ್ಲಿರುವಾಗ ಮೆತ್ತಗೆ, ಹಸಿ. ಗಾಳಿಗೆ ಬಿದ್ದ ಮೇಲೆ ಗಟ್ಟಿ. (1807ರಲ್ಲಿ ಬುಕಾನನ್ ಸಾಹೇಬ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಮಲಪ್ಪುರದ ಅಂಗಾಡಿಪುರಂನ ಕಲ್ಲು ನೋಡಿ. ನಾವು ಮುರಕಲ್ಲು ಎಂದರೂ ಪಕ್ಕದ ಮನೆಯವರು ಚೆಂಗಲ್ಲು ಎಂದರೂ ತೂಕ ಒಂದೇ.)

ಹಾಗಾದರೆ 1.3 ಟನ್ನಿನ ಪಿಕಪ್‌ಗೆ 45 ಕಲ್ಲು ಆಗುವಷ್ಟರಲ್ಲಿ ಲೆಕ್ಕ ಮುಗಿಯಿತು. ಡ್ರೈವರ್, ಜೊತೆಗೊಬ್ಬ ಆಳು ಕುಳಿತರೆ ಇನ್ನೂ ನಾಲ್ಕು ಕಲ್ಲು ಕಡಿಮೆ. 45 ಕಲ್ಲು ಪಿಕಪ್‌ನ ತಳದಲ್ಲಿ ಒಂದು ವರಸೆ ದಾಟಿ ಎರಡನೆಯದನ್ನು ತುಂಬುವುದಕ್ಕೂ ಸಾಲದು. ಕಣ್ಣಿಗೆ ಗಾಡಿ ಖಾಲಿಯೇ ಕಾಣುತ್ತದೆ. ಹುಲ್ಲು, ತರಕಾರಿ ಹೇರುವಾಗ ಜಾಗ ಮೊದಲು ತುಂಬುತ್ತದೆ, ಕಲ್ಲು ಹೇರುವಾಗ ತೂಕ ಮೊದಲು ತುಂಬುತ್ತದೆ. ಎಡವಟ್ಟಾಗುವುದು ಇಲ್ಲಿಯೇ.

ಇಷ್ಟು ಭಾರ ನಿಂತ ಗಾಡಿಯ ಮಾತು. ಓಡುವ ಗಾಡಿ ಗುಂಡಿಗೆ ಇಳಿದು ಎದ್ದಾಗ ಅದೇ ಕಲ್ಲು ಒಂದು ಕ್ಷಣ ತಳವನ್ನು ಎರಡು ಪಟ್ಟು ಭಾರದಿಂದ ಒತ್ತುತ್ತದೆ. ಹೆಚ್ಚು ಹೇರಿ ನಿಧಾನವಾಗಿ ಹೋದವನ ಗಾಡಿಗಿಂತ ಸರಿಯಾಗಿ ಹೇರಿ ಗುಂಡಿಯಲ್ಲಿ ಹಾರಿಸಿದವನ ಗಾಡಿ ಮೊದಲು ಬಿರುಕು ಬಿಟ್ಟರೆ ಆಶ್ಚರ್ಯವಿಲ್ಲ. ಒಂದೇ ಪೆಟ್ಟಿಗೆ ಕಬ್ಬಿಣ ಮುರಿಯುವುದು ಅಪರೂಪ. ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತಾ ತುಂಡು ಮಾಡುತ್ತೇವಲ್ಲ, ಹಾಗೆ ಸಾವಿರಾರು ಸಣ್ಣ ಬಾಗುವಿಕೆಗಳಿಂದ ಅದು ದಣಿದು ಬಿಡುತ್ತದೆ.

ಬಾಗುವುದಕ್ಕಿಂತ ಕೆಟ್ಟದ್ದು ತಿರುಚುವುದು. ತೋಟದ ದಾರಿಯಲ್ಲಿ ಎಡಗಡೆಯ ಮುಂದಿನ ಚಕ್ರ ಕಣಿಗೆ ಇಳಿದಾಗ ಬಲಗಡೆಯ ಹಿಂದಿನದು ಬಂಡೆಯ ಮೇಲೆ ಹತ್ತಿರುತ್ತದೆ. ಏಣಿಯಾಕಾರದ ಚಾಸಿಗೆ ಇದು ಹೊಸತಲ್ಲ, ಸ್ವಲ್ಪ ತಿರುಚಿ ಮತ್ತೆ ನೇರವಾಗಲೆಂದೇ ಅದನ್ನು ಮಾಡಿರುತ್ತಾರೆ. ಮೇಲಿನ ಬಾಡಿ ಹಾಗಲ್ಲ. ಮುಚ್ಚಳವಿಲ್ಲದ ರಟ್ಟಿನ ಪೆಟ್ಟಿಗೆಯ ಎದುರುಬದುರು ಮೂಲೆ ಹಿಡಿದು ತಿರುಚಿ ನೋಡಿದರೆ ಗೊತ್ತಾಗುತ್ತದೆ: ತಳ ಹರಿಯುವುದಿಲ್ಲ, ಮೂಲೆಗಳು ಹರಿಯುತ್ತವೆ. ಪಿಕಪ್‌ನಲ್ಲೂ ಬಿರುಕು ಕಾಣಿಸುವುದು ಹಿಂಬಾಗಿಲಿನ ಕಂಬದ ಬುಡ, ಮುಂದಿನ ತಡೆಗೋಡೆಯ ಕೆಳಮೂಲೆ, ಹಿಂಜಿನ ವೆಲ್ಡಿಂಗ್, ಇಂಥಲ್ಲೇ. ಮೂರು ಕಡೆ ಬಾಗಿಲು ತೆರೆಯುವ ಬಾಡಿಯಾದರೆ ಬಾಗಿಲುಗಳು ಕೊಂಡಿ ಹಾಕಿ ಬಿಗಿಯಾಗಿ ಕೂತಿದ್ದಾಗ ಮಾತ್ರ ಗೋಡೆಯ ಕೆಲಸ ಮಾಡುತ್ತವೆ. ಒಂದನ್ನು ಇಳಿಬಿಟ್ಟು ಓಡಿಸಿದರೆ ಅದರ ಪಾಲಿನ ಕಷ್ಟವೂ ಕಂಬಗಳ ಮೇಲೆಯೇ.

ಚಾಸಿಗೂ ಬಾಡಿಗೂ ನಡುವೆ ಇರುವ ಯು-ಬೋಲ್ಟ್, ಕ್ಲಾಂಪು, ರಬ್ಬರ್ ಪ್ಯಾಡ್‌ಗಳನ್ನು ಯಾರೂ ಬಗ್ಗಿ ನೋಡುವುದಿಲ್ಲ. ಅವು ಸಡಿಲವಾದರೆ ಬಾಡಿ ಪ್ರತಿ ಗುಂಡಿಗೂ ಚಾಸಿಯ ಮೇಲೆ ಸುತ್ತಿಗೆಯಂತೆ ಬಡಿಯುತ್ತದೆ. "ಟಕ್ ಟಕ್" ಸದ್ದು ಕೇಳಿ ಷಾಕ್ ಅಬ್ಸಾರ್ಬರ್ ಬದಲಾಯಿಸಿದವರಿದ್ದಾರೆ! ಸ್ಪಾನರ್ ಹಿಡಿದು ಬೋಲ್ಟ್ ಬಿಗಿ ಮಾಡಲು ಹತ್ತು ನಿಮಿಷ ಸಾಕಿತ್ತು.

ಇನ್ನು ನಮ್ಮವರ ಮದ್ದು. ಲೀಫ್ ಪಟ್ಟಿ ಒಂದೆರಡು ಹೆಚ್ಚು ಹಾಕಿಸುವುದು. ಇದರಿಂದ ಗಾಡಿ ಕೂರುವುದು ನಿಲ್ಲುತ್ತದೆ, ಭಾರ ನಿಲ್ಲುವುದಿಲ್ಲ. ಸ್ಪ್ರಿಂಗ್ ನುಂಗುತ್ತಿದ್ದ ಪೆಟ್ಟು ಈಗ ನೇರ ಆಕ್ಸಲ್, ಚಾಸಿ, ಟಯರುಗಳಿಗೆ ಹೋಗುತ್ತದೆ. ಆರ್.ಸಿ.ಯಲ್ಲಿನ ಅಂಕಿ ಒಂದು ಕಿಲೋ ಕೂಡ ಏರುವುದಿಲ್ಲ. ಇನ್ನೊಂದು ಮದ್ದು ತಳಕ್ಕೆ ದಪ್ಪ ಪ್ಲೇಟು. ಎಂಟು ಅಡಿ ಉದ್ದ, ಐದೂವರೆ ಅಡಿ ಅಗಲದ ತಳಕ್ಕೆ 3 ಮಿಲಿಮೀಟರ್ ಪ್ಲೇಟು ಹೊದಿಸಿದರೆ ಸುಮಾರು 95 ಕೆಜಿ, 5 ಮಿಲಿಮೀಟರಿನದಾದರೆ 160 ಕೆಜಿ. ಅಂದರೆ ಐದಾರು ಕಲ್ಲುಗಳನ್ನು ಬಾಡಿಗೆಯಿಲ್ಲದೆ ವರ್ಷವಿಡೀ ಹೊತ್ತು ತಿರುಗಿದ ಹಾಗೆ. ಕಲ್ಲನ್ನು ಎಸೆಯದೆ ಇಡುವುದು, ತಳಕ್ಕೆ ಹಳೆ ಕನ್ವೇಯರ್ ಬೆಲ್ಟಿನ ರಬ್ಬರೋ ಹಲಗೆಯೋ ಹಾಸುವುದು ಅಗ್ಗದ ದಾರಿ. ಮಳೆಗಾಲಕ್ಕೆ ಮುಂಚೆ ಅದನ್ನು ಎಬ್ಬಿಸಿ ತೆಗೆಯಬೇಕು.

ಯಾಕೆಂದರೆ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ ಜಿಲ್ಲೆ ಇದು. ಬಣ್ಣ ಎದ್ದ ತಳ, ಮೂಲೆಯಲ್ಲಿ ನೀರು ಹಿಡಿದಿಟ್ಟುಕೊಳ್ಳುವ ಕೆಂಪು ಹುಡಿ, ಅದರ ಮೇಲೆ ಹಾಸು. ತುಕ್ಕಿಗೆ ಇನ್ನೇನು ಬೇಕು? ಅಡಿಕೆ ತೋಟಕ್ಕೆ ಪೊಟ್ಯಾಷ್ ತಂದ ದಿನ ಚೀಲ ಹರಿದು ಚೆಲ್ಲಿದ್ದು, ಕುಂಬಳೆ, ಮಂಜೇಶ್ವರ ಕಡೆಯಿಂದ ಮೀನಿನ ಪೆಟ್ಟಿಗೆ ತಂದಾಗ ಸೋರಿದ ಉಪ್ಪುನೀರು, ಎರಡರಲ್ಲೂ ಇರುವ ಕ್ಲೋರೈಡ್ ಕಬ್ಬಿಣದ ಪರಮಶತ್ರು. ಅಂದೇ ಸಂಜೆ ನಾಲ್ಕು ಬಾಲ್ದಿ ನೀರು ಹೊಯ್ದು ತೊಳೆದರೆ, ನೀರು ಹೋಗುವ ತೂತುಗಳನ್ನು ಕಡ್ಡಿಯಿಂದ ಬಿಡಿಸಿದರೆ ಬಾಡಿಗೆ ವರ್ಷಗಳ ಆಯುಷ್ಯ.

ಭಾರ ಎಲ್ಲಿ ಕೂರುತ್ತದೆ ಎಂಬುದೂ ಮುಖ್ಯ. ಇಳಿಸಲು ಸುಲಭವೆಂದು ಕಲ್ಲನ್ನು ಹಿಂಬಾಗಿಲ ಹತ್ತಿರ ಗುಡ್ಡೆ ಹಾಕಿದರೆ ಹಿಂದಿನ ಆಕ್ಸಲ್ ತಕ್ಕಡಿಯ ನಡುಗೋಲಾಗಿ ಮುಂಭಾಗ ಹಗುರವಾಗುತ್ತದೆ. ಏರಿನಲ್ಲಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಇಡೀ ತೂಕ ಮುಂದಕ್ಕೆ ಒತ್ತಿಕೊಂಡು, ತಳದ ಪೂರ್ತಿ ಅಗಲಕ್ಕೆ ಹರಡಿ ಕೂರಬೇಕು. ಆದರೆ ಕ್ಯಾಬಿನ್ ಹಿಂದಿನ ತಡೆಗೋಡೆಗಿಂತ ಎತ್ತರ ಹೋಗಬಾರದು. ಈ ಗೋಡೆಯ ಬುಡದ ಬಿರುಕನ್ನು "ನಾಳೆ ನೋಡುವ" ಎಂದು ಬಿಡುವಂತಿಲ್ಲ. ಇಳಿಜಾರಿನಲ್ಲಿ ಗಟ್ಟಿ ಬ್ರೇಕ್ ಹಾಕಿದಾಗ ಒಂದು ಟನ್ನಿಗೂ ಹೆಚ್ಚಿನ ಕಲ್ಲಿಗೂ ಡ್ರೈವರನ ಬೆನ್ನಿಗೂ ನಡುವೆ ಇರುವುದು ಅದೊಂದೇ. ಹಿಂಬಾಗಿಲಿನ ಕೊಂಡಿ ಏರಿನಲ್ಲಿ ಬಿಟ್ಟರೆ ಕಲ್ಲು ಬೀಳುವುದು ಹಿಂದೆ ಬರುವ ಬೈಕಿನವನ ಮೇಲೆ. ಕಲ್ಲಿನ ಮೇಲೆ ಆಳುಗಳನ್ನು ಕೂರಿಸಿಕೊಂಡು ಬರುವ ಪದ್ಧತಿಯಂತೂ ಇಂದೇ ನಿಲ್ಲಬೇಕು.

ಬಿರುಕು ಕಂಡರೆ ಅದರ ಮೇಲೆ ಸುಮ್ಮನೆ ವೆಲ್ಡಿಂಗ್ ಗೀಚಿಸಿ ಬಣ್ಣ ಬಳಿಯುವುದು ಮೋಸ. ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ನಿಲ್ಲಿಸಿ, ಉದ್ದಕ್ಕೂ ಉಜ್ಜಿ ಕಣಿ ಮಾಡಿ, ಆಮೇಲೆ ತುಂಬಬೇಕು. ಮೇಲೆ ತೇಪೆ ಹಾಕುವುದಾದರೆ ಚೌಕ ತುಂಡಿಗಿಂತ ವಜ್ರದಾಕಾರದ್ದು ಲೇಸು. ಚೌಕದ ಅಂಚಿನಲ್ಲಿ ಅಡ್ಡಕ್ಕೆ ಹೊಸ ಬಿರುಕು ಹುಟ್ಟುತ್ತದೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ನೆಗೆಟಿವ್ ವಯರ್ ಕಳಚುವುದು ಕಡ್ಡಾಯ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಲ್ಲಿ ಸೆನ್ಸರುಗಳ ಬಲೆಯೇ ಇದೆ, ಒಂದು ಕಿಡಿಗೆ ಸಾವಿರಾರು ರೂಪಾಯಿ ಹೋದೀತು. ಬಿರುಕು ಬಾಡಿಯಲ್ಲಿರದೆ ಚಾಸಿಯಲ್ಲೇ ಇದ್ದರೆ ರಸ್ತೆ ಬದಿಯ ವೆಲ್ಡಿಂಗ್ ಬೇಡ, ಅದನ್ನು ಬಲ್ಲ ವರ್ಕ್‌ಶಾಪಿಗೇ ಒಯ್ಯಬೇಕು.

ದಂಡದ ಮಾತೂ ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಅಧಿಕ ಭಾರಕ್ಕೆ 20,000 ರೂ., ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ., ಮೇಲಾಗಿ ಇಳಿಸುವ ಕೂಲಿಯೂ ಮಾಲೀಕನದೇ. ಇಳಿಸುವ ತನಕ ಗಾಡಿ ಹೊರಡುವಂತಿಲ್ಲ. ಸ್ಥಳದಲ್ಲೇ ಕಟ್ಟುವ ರಾಜಿ ದಂಡವನ್ನು ರಾಜ್ಯಗಳು ಬೇರೆ ಬೇರೆಯಾಗಿ ನಿಗದಿ ಮಾಡಬಹುದಾದ್ದರಿಂದ ಗಡಿಯ ಆಚೆ ಈಚೆ ಮೊತ್ತದಲ್ಲಿ ವ್ಯತ್ಯಾಸ ಇರಬಹುದು.

ಪುತ್ತೂರು, ವಿಟ್ಲ, ಮಂಗಳೂರು ಕಡೆಯಿಂದ ಹಳೆ ಪಿಕಪ್ ಕೊಳ್ಳುವವರು ನಮ್ಮಲ್ಲಿ ಬಹಳ. ಹೊಸ ಬಣ್ಣಕ್ಕೆ ಮರುಳಾಗದೆ ಟಾರ್ಚ್ ಹಿಡಿದು ಕೆಳಗೆ ನುಸುಳಿ ನೋಡಬೇಕು. ಅಡ್ಡ ತೊಲೆಗಳು ನೇರ ಇವೆಯೇ, ಹಿಂದಿನ ಸ್ಪ್ರಿಂಗ್ ಬ್ರಾಕೆಟ್ ಬಳಿ ಚಾಸಿಯ ಮೇಲೆ ಹೊಸ ವೆಲ್ಡಿಂಗ್ ಇದೆಯೇ, ಕ್ಯಾಬಿನ್‌ಗೂ ಬಾಡಿಗೂ ನಡುವಿನ ಸಂದು ಮೇಲೂ ಕೆಳಗೂ ಒಂದೇ ಅಳತೆಯೇ. ಮೇಲೆ ಅಗಲ, ಕೆಳಗೆ ಸಣ್ಣದಿದ್ದರೆ ಚಾಸಿ ಬೆನ್ನು ಬಗ್ಗಿಸಿದೆ ಎಂದೇ ಅರ್ಥ. ಎಲ್ಲ ಸರಿಯಿದ್ದು ವ್ಯಾಪಾರ ಕುದುರಿದರೆ ಅಲ್ಲಿನ ಆರ್.ಟಿ.ಓ.ದಿಂದ ನಿರಾಕ್ಷೇಪಣಾ ಪತ್ರ ಪಡೆದು ತರಬೇಕು. ಕರ್ನಾಟಕದ ನಂಬರಿನ ಗಾಡಿಯನ್ನು ಕೇರಳದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಇಲ್ಲಿನ ನಂಬರ್ ಪಡೆಯಲೇಬೇಕು.