ಉರಿಮೂತ್ರ: ಮೂತ್ರಕೋಶದೊಳಗೆ ನಡೆಯುವ ಹೋರಾಟ

ನಾಟಿ, ಕಳೆ, ಕೊಯ್ಲು ಎಂದು ಹೊಲದ ಕೆಲಸ ಬಿರುಸಾಗಿರುವ ದಿನಗಳಲ್ಲಿ ಮನೆಯ ಹೆಣ್ಣುಮಕ್ಕಳು ಉರಿಮೂತ್ರದಿಂದ ನರಳುವುದನ್ನು ನೀವು ಕಂಡಿರಬಹುದು. ಮೂತ್ರ ಮಾಡುವಾಗ ಉರಿ, ಹೋಗಿ ಬಂದ ಐದೇ ನಿಮಿಷಕ್ಕೆ ಮತ್ತೆ ಹೋಗಬೇಕೆನ್ನಿಸುವುದು, ಹೋದರೆ ನಾಲ್ಕು ಹನಿ, ಕೆಳಹೊಟ್ಟೆಯಲ್ಲಿ ನೋವು, ಕದಡಿದ ಮೂತ್ರ, ಕೆಲವೊಮ್ಮೆ ಅದರಲ್ಲಿ ರಕ್ತದ ಬಣ್ಣ. ಇದಕ್ಕೆ ‘ಉಷ್ಣವಾಗಿದೆ’ ಎಂದು ಹೇಳಿ ಎಳನೀರನ್ನೋ ಬಾರ್ಲಿ ನೀರನ್ನೋ ಕೊಡುವುದು ನಮ್ಮಲ್ಲಿ ರೂಢಿ. ನೀರು ಸಾಲದೆ ಮೂತ್ರ ಗಟ್ಟಿಯಾದಾಗ ಬರಿಯ ಉರಿ ಬರುವುದುಂಟು. ಅದು ಚೆನ್ನಾಗಿ ನೀರು ಕುಡಿದರೆ ಹೋಗುತ್ತದೆ. ಆದರೆ ಮೇಲೆ ಹೇಳಿದ ಲಕ್ಷಣಗಳು ಒಟ್ಟಿಗೆ ಕಂಡುಬಂದರೆ, ಮೂತ್ರಕೋಶಕ್ಕೆ ಬ್ಯಾಕ್ಟೀರಿಯ ಹೊಕ್ಕಿರುವ ಸಂಭವವೇ ಹೆಚ್ಚು. ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ಬಾಧೆ ತಗಲುತ್ತದೆ. ನಾಚಿಕೆಯಿಂದ ಯಾರೂ ಬಾಯಿಬಿಡುವುದಿಲ್ಲ, ಅಷ್ಟೇ. ಆದ್ದರಿಂದ ಈ ಲೇಖನವನ್ನು ಮನೆಯ ಯಜಮಾನರೂ ಓದಬೇಕು.

ಈ ಸೋಂಕುಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗೆ ಇ. ಕೋಲಿ ಎಂಬ ಬ್ಯಾಕ್ಟೀರಿಯವೇ ಕಾರಣ. ಥಿಯೋಡೋರ್ ಎಷರಿಷ್ ಎಂಬ ವೈದ್ಯರು ಇದನ್ನು ಹಸುಗೂಸುಗಳ ಮಲದಲ್ಲಿ ಕಂಡು 1885ರಲ್ಲಿ ವಿವರಿಸಿದರು. ನಮ್ಮ ಕರುಳಿನಲ್ಲಿಯೂ ದನಕರುಗಳ ಕರುಳಿನಲ್ಲಿಯೂ ಇದು ಸದಾ ಇರುತ್ತದೆ. ಅಲ್ಲಿರುವಷ್ಟು ಕಾಲ ಸಾಮಾನ್ಯವಾಗಿ ಕೇಡಿಲ್ಲ. ಗುದದ್ವಾರದಿಂದ ಮೂತ್ರದ್ವಾರಕ್ಕೆ ಸರಿದು ಮೇಲೇರಿದಾಗ ತೊಂದರೆ ಆರಂಭವಾಗುತ್ತದೆ. ಮೂತ್ರದ್ವಾರದಿಂದ ಮೂತ್ರಕೋಶದವರೆಗಿನ ದಾರಿ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್, ಹೆಂಗಸರಲ್ಲಿ ಸುಮಾರು 4 ಸೆಂಟಿಮೀಟರ್ ಮಾತ್ರ. ಹೆಂಗಸರಿಗೇ ಈ ಕಾಯಿಲೆ ಹೆಚ್ಚಾಗಿ ಬರಲು ಇದು ಮುಖ್ಯ ಕಾರಣ. ಹಸುವಿಗೆ ಕೆಚ್ಚಲು ಬಾವು ತರುವ ಬ್ಯಾಕ್ಟೀರಿಯಗಳಲ್ಲಿಯೂ ಇ. ಕೋಲಿ ಒಂದು. ಅಲ್ಲಿಯೂ ಅದು ಒಳಹೋಗುವುದು ಮೊಲೆತೊಟ್ಟಿನ ಸಣ್ಣ ರಂಧ್ರದ ಮೂಲಕವೇ.

ಮೊದಲ ಕಾವಲು: ಹರಿವು

ನೀರು ಹರಿಯುವ ಕಾಲುವೆಗಿಂತ ನಿಂತ ಕಾಲುವೆಯಲ್ಲಿ ಪಾಚಿ ಬೇಗ ಕಟ್ಟುತ್ತದೆ. ಮೂತ್ರಕೋಶದ ಮೊದಲ ರಕ್ಷಣೆಯೂ ಇದೇ ಬಗೆಯದು. ಆಗಾಗ್ಗೆ ತುಂಬಿ, ಪೂರ್ತಿಯಾಗಿ ಖಾಲಿಯಾದರೆ, ಒಳಬಂದ ಬ್ಯಾಕ್ಟೀರಿಯ ಬೇರುಬಿಡುವ ಮೊದಲೇ ಕೊಚ್ಚಿಹೋಗುತ್ತದೆ. ಪ್ರಯೋಗಶಾಲೆಯ ಒಳ್ಳೆಯ ಆಹಾರದಲ್ಲಿ ಇ. ಕೋಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಮೂತ್ರದಲ್ಲಿ ಅಷ್ಟು ವೇಗವಿಲ್ಲ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುವುದೆಂದು ಲೆಕ್ಕ ಹಿಡಿಯಿರಿ. ಬೆಳಗ್ಗೆ 10 ಗಂಟೆಗೆ ಒಂದಿದ್ದದ್ದು ಸಂಜೆ 4 ಗಂಟೆಗೆ 4096 ಆಗುತ್ತದೆ. ಆರು ಗಂಟೆ ಮೂತ್ರ ಕಟ್ಟಿಕೊಂಡಿರುವುದೆಂದರೆ ಇದು.

ಹರಿವಿನ ಜೊತೆಗೆ ಒಂದು ಉಪಾಯವೂ ಇದೆ. ಈ ಬ್ಯಾಕ್ಟೀರಿಯದ ಮೈಮೇಲೆ ಕೂದಲಿನಂಥ ಎಳೆಗಳಿದ್ದು, ಅವುಗಳ ತುದಿ ಕೊಕ್ಕೆಯಂತೆ ಕೆಲಸ ಮಾಡುತ್ತದೆ. ಮೂತ್ರಕೋಶದ ಗೋಡೆಯಲ್ಲಿರುವ ಮ್ಯಾನೋಸ್ ಎಂಬ ಸಕ್ಕರೆಗೆ ಅದು ಅಂಟಿಕೊಳ್ಳುತ್ತದೆ. ಮೂತ್ರಪಿಂಡಗಳು ತಯಾರಿಸುವ ಯೂರೋಮಾಡ್ಯುಲಿನ್ ಎಂಬ ಪ್ರೋಟೀನಿನಲ್ಲಿಯೂ ಅದೇ ಸಕ್ಕರೆ ಇದೆ. ಮೋಸಹೋದ ಬ್ಯಾಕ್ಟೀರಿಯ ಗೋಡೆಯ ಬದಲು ಈ ಪ್ರೋಟೀನನ್ನು ಹಿಡಿದುಕೊಂಡು ಮೂತ್ರದೊಡನೆ ಹೊರಬೀಳುತ್ತದೆ. 1950ರಲ್ಲಿ ಅಮೆರಿಕದ ಟ್ಯಾಮ್ ಮತ್ತು ಹಾರ್ಸ್‌ಫಾಲ್ ಎಂಬ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದರು. ಮೂತ್ರ ಹೊರಹೋಗದಿದ್ದರೆ ಈ ಉಪಾಯದಿಂದಲೂ ಹೆಚ್ಚು ಫಲವಿಲ್ಲ.

ಎರಡನೆಯ ಕಾವಲು: ಕೂಗು

ಇಷ್ಟನ್ನೂ ದಾಟಿ ಬ್ಯಾಕ್ಟೀರಿಯ ಗೋಡೆಗೆ ಅಂಟಿತೆನ್ನಿ. ಆಗ ಗೋಡೆಯ ಜೀವಕೋಶಗಳೇ ಅದನ್ನು ಗುರುತಿಸುತ್ತವೆ. ಕಾಲುಬಾಯಿ ಜ್ವರಕ್ಕೆ ಲಸಿಕೆ ಹಾಕಿಸಿದಾಗ ದನದ ದೇಹವು ಆ ರೋಗಾಣುವಿನ ಪರಿಚಯ ಮಾಡಿಕೊಳ್ಳಲು ಕೆಲವು ವಾರ ಬೇಕು. ಇಲ್ಲಿ ಹಾಗಿಲ್ಲ, ಇದು ಹುಟ್ಟಿನಿಂದಲೇ ಬಂದ ರೋಗನಿರೋಧಕ ಶಕ್ತಿ, ಗಂಟೆಗಳಲ್ಲಿ ಎಚ್ಚರಗೊಳ್ಳುತ್ತದೆ. ಇ. ಕೋಲಿಯಂಥ ಬ್ಯಾಕ್ಟೀರಿಯಗಳ ಹೊರಕವಚದಲ್ಲಿರುವ ಒಂದು ವಸ್ತುವನ್ನು ಪತ್ತೆಹಚ್ಚುವ ಗ್ರಾಹಕವೊಂದು ನಮ್ಮ ಜೀವಕೋಶಗಳಲ್ಲಿದೆ.

ಈ ಗ್ರಾಹಕವಿಲ್ಲದಿದ್ದರೆ ಏನಾಗುತ್ತದೆ? 1980ರ ದಶಕದಲ್ಲಿ ಸ್ವೀಡನ್ ದೇಶದ ಕ್ಯಾಥರಿನಾ ಸ್ವಾನ್‌ಬೊರ್ಗ್ ಮತ್ತು ಸಂಗಡಿಗರು ಎರಡು ತಳಿಯ ಇಲಿಗಳ ಮೂತ್ರಕೋಶಕ್ಕೆ ಒಂದೇ ಬ್ಯಾಕ್ಟೀರಿಯವನ್ನು ಬಿಟ್ಟು ನೋಡಿದರು. ಸಾಮಾನ್ಯ ಇಲಿಗಳ ಮೂತ್ರದಲ್ಲಿ ಬಿಳಿ ರಕ್ತಕಣಗಳು ಬಂದು ತುಂಬಿದವು, ಬ್ಯಾಕ್ಟೀರಿಯ ಇಳಿಮುಖವಾಯಿತು. ಇನ್ನೊಂದು ತಳಿಯಲ್ಲಿ ಬಿಳಿ ಕಣಗಳು ಬರಲೇ ಇಲ್ಲ. ಬ್ಯಾಕ್ಟೀರಿಯ ಮಾತ್ರ ಹಾಗೆಯೇ ಉಳಿದುಕೊಂಡಿತು. ಆ ತಳಿಯಲ್ಲಿ ಕೆಟ್ಟಿದ್ದ ಜೀನ್ ಇದೇ ಗ್ರಾಹಕದ್ದೆಂದು 1998ರಲ್ಲಿ ಅಮೆರಿಕದ ಬ್ರೂಸ್ ಬಾಯ್ಟ್ಲರ್ ತಂಡ ತೋರಿಸಿತು. ಬಾಯ್ಟ್ಲರ್ ಅವರಿಗೆ 2011ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಬಾವು ಬರುವುದೇ ಕಾಯಿಲೆಯೆಂದು ನಾವು ತಿಳಿಯುತ್ತೇವೆ. ಬಾವೇ ಬಾರದ ಇಲಿಗೆ ಸೋಂಕು ಹೋಗಲಿಲ್ಲ.

ಗೋಡೆಯ ಕೋಶಗಳು ಸ್ರವಿಸುವ ರಾಸಾಯನಿಕಗಳ ಕರೆಗೆ ರಕ್ತದಿಂದ ಬಿಳಿ ಕಣಗಳು ನುಗ್ಗಿಬಂದು ಬ್ಯಾಕ್ಟೀರಿಯವನ್ನು ನುಂಗಿ ಕೊಲ್ಲುತ್ತವೆ, ಹಾಗೆಯೇ ತಾವೂ ಸಾಯುತ್ತವೆ. ಹೀಗೆ ಸತ್ತವುಗಳೇ ಕೀವು. ಬ್ಯಾಕ್ಟೀರಿಯಕ್ಕೆ ಬೆಳೆಯಲು ಕಬ್ಬಿಣಾಂಶ ಬೇಕಾದ್ದರಿಂದ ಅದು ಸಿಗದಂತೆ ತಡೆಯುವ ಪ್ರೋಟೀನನ್ನೂ ದೇಹ ಸುರಿಯುತ್ತದೆ. ಪ್ರಯೋಗಶಾಲೆಯ ಚೀಟಿಯಲ್ಲಿ ‘ಪಸ್ ಸೆಲ್’ ಎಂದು ಬರೆದಿರುವುದು ಈ ಬಿಳಿ ಕಣಗಳ ಲೆಕ್ಕ. ಕೆಚ್ಚಲು ಬಾವಿನ ಹಾಲು ಗರಣೆಗಟ್ಟುವುದಕ್ಕೆ ಹೆಚ್ಚುಮಟ್ಟಿಗೆ ಕಾರಣವೂ ಇವೇ ಕಣಗಳು. ಉರಿ, ನೋವು, ಪದೇ ಪದೇ ಒತ್ತರ ಇವೂ ಬಹುಪಾಲು ಈ ಹೋರಾಟದ ಫಲ.

ಹೋರಾಟಕ್ಕೆ ತೆರುವ ಬೆಲೆ ಕಡಿಮೆಯದಲ್ಲ. ಬ್ಯಾಕ್ಟೀರಿಯ ಹೊಕ್ಕ ಮೇಲ್ಪದರದ ಕೋಶಗಳು ಕಳಚಿ ಮೂತ್ರದಲ್ಲಿ ಹೋಗುತ್ತವೆ. ಶತ್ರು ಹೊರಹೋದದ್ದು ಲಾಭವೇ. ಆದರೆ ಅಡಿಯ ಎಳೆಯ ಕೋಶಗಳು ಬಯಲಾಗಿ, ಕೆಲವು ಬ್ಯಾಕ್ಟೀರಿಯಗಳು ಅವುಗಳೊಳಗೆ ಸೇರಿ ಅಡಗುತ್ತವೆ. ಅಲ್ಲಿಗೆ ಬಿಳಿ ಕಣಗಳೂ ಔಷಧವೂ ಸರಿಯಾಗಿ ಮುಟ್ಟುವುದಿಲ್ಲ. ಇಲಿಗಳಲ್ಲಿ ಇದನ್ನು ಸ್ಪಷ್ಟವಾಗಿ ಕಂಡಿದ್ದಾರೆ. ಸೋಂಕು ತಗಲಿದ ಹೆಂಗಸರ ಮೂತ್ರದಲ್ಲಿಯೂ ಬ್ಯಾಕ್ಟೀರಿಯ ತುಂಬಿದ ಕೋಶಗಳು ಸಿಕ್ಕಿವೆ. ಮೇಲೆ ಕಿತ್ತ ಜೇಕು, ಗಡ್ಡೆ ಉಳಿದರೆ ಮತ್ತೆ ಚಿಗುರುವುದನ್ನು ನೀವು ಬಲ್ಲಿರಿ. ಒಮ್ಮೆ ಬಂದವರಿಗೆ ಮತ್ತೆ ಮತ್ತೆ ಬರಲು ಇದೂ ಒಂದು ಕಾರಣ.

ನಾವು ಮಾಡಬೇಕಾದದ್ದು

2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ನೀರು ಕಡಿಮೆ ಕುಡಿಯುತ್ತಿದ್ದ, ಪದೇ ಪದೇ ಸೋಂಕಿಗೆ ಒಳಗಾಗುತ್ತಿದ್ದ ಬಲ್ಗೇರಿಯ ದೇಶದ 140 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಒಂದೂವರೆ ಲೀಟರ್ ನೀರನ್ನು ಹೆಚ್ಚಾಗಿ ಕುಡಿಯಲು ಹೇಳಲಾಯಿತು. ವರ್ಷದಲ್ಲಿ ಇವರಿಗೆ ಸರಾಸರಿ 1.7 ಬಾರಿ ಸೋಂಕು ಬಂದರೆ, ಉಳಿದವರಿಗೆ 3.2 ಬಾರಿ ಬಂದಿತು. ಔಷಧವಿಲ್ಲದೆ ಸುಮಾರು ಅರ್ಧ ಇಳಿಯಿತು. ಎಳನೀರು, ಬಾರ್ಲಿ ನೀರಿನ ಗುಣವೂ ಮುಖ್ಯವಾಗಿ ಅದರೊಳಗಿನ ನೀರಿನದೇ. (ಹೃದಯ, ಮೂತ್ರಪಿಂಡದ ಕಾಯಿಲೆಯಿರುವವರು ವೈದ್ಯರನ್ನು ಕೇಳಿಯೇ ನೀರು ಹೆಚ್ಚಿಸಬೇಕು.)

ಆದರೆ ಹೊಲದಲ್ಲಿ ಹೆಂಗಸರು ನೀರು ಕುಡಿಯದಿರುವುದು ತಿಳಿವಳಿಕೆಯಿಲ್ಲದೆ ಅಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಮರೆಯಿಲ್ಲ. ಪಂಪ್‌ಸೆಟ್ಟಿಗೆ ಮನೆ ಕಟ್ಟಿಸುವ ರೈತರು ಅದರ ಪಕ್ಕದಲ್ಲಿ ನಾಲ್ಕು ಗಳ ನೆಟ್ಟು ತೆಂಗಿನ ಗರಿಯ ತಟ್ಟಿ ಕಟ್ಟಿಸುವುದು ದೊಡ್ಡ ಖರ್ಚಲ್ಲ. ಕೂಲಿಗೆ ಬಂದವರಿಗೂ ಅದು ಬೇಕು.

ಲಕ್ಷಣ ಕಂಡಾಗ ವೈದ್ಯರು ಬರೆದಷ್ಟು ದಿನ ಮಾತ್ರೆ ನುಂಗಿಸಿ. ಉರಿ ನಿಂತಿತೆಂದು ನಡುವೆ ಬಿಡಬಾರದು, ಕಳೆದ ಸಲ ಉಳಿದದ್ದನ್ನು ಈ ಸಲ ನುಂಗಬಾರದು. ಬೇಕಾಬಿಟ್ಟಿ ಬಳಸಿದ್ದರಿಂದಲೇ ಹಲವು ಔಷಧಗಳಿಗೆ ಇ. ಕೋಲಿ ಈಗ ಬಗ್ಗುತ್ತಿಲ್ಲ. ಚಳಿಜ್ವರ, ಪಕ್ಕೆ ಅಥವಾ ಬೆನ್ನಿನಲ್ಲಿ ನೋವು, ವಾಂತಿ ಕಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಸಕ್ಕರೆ ಕಾಯಿಲೆಯವರಲ್ಲಿ ಬಿಳಿ ಕಣಗಳ ಬಲ ಕುಗ್ಗಿರುತ್ತದೆ, ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರ ಪೂರ್ತಿ ಹೋಗುವುದಿಲ್ಲ, ಇವರು ತಡಮಾಡಬಾರದು. ಬಸುರಿಯರಿಗೆ ಉರಿ ಇಲ್ಲದಿದ್ದರೂ ಮೂತ್ರ ಪರೀಕ್ಷೆ ಮಾಡಿಸಬೇಕು. ಅವರಲ್ಲಿ ಸದ್ದಿಲ್ಲದ ಸೋಂಕು ಮೂತ್ರಪಿಂಡಕ್ಕೆ ಏರುವ ಅಪಾಯ ಹೆಚ್ಚು.

ಪರೀಕ್ಷೆಗೆ ಮೂತ್ರ ಕೊಡುವಾಗ ಮೊದಲ ಮಾತ್ರೆ ನುಂಗುವ ಮುಂಚೆಯೇ ಕೊಡಿ. ಮೊದಲು ಬರುವ ಸ್ವಲ್ಪ ಮೂತ್ರವನ್ನು ಬಿಟ್ಟು, ನಡುವಿನದನ್ನು ಪ್ರಯೋಗಶಾಲೆಯವರು ಕೊಟ್ಟ ಶುದ್ಧ ಸೀಸೆಯಲ್ಲಿ ಹಿಡಿದು, ಎರಡು ಗಂಟೆಯೊಳಗೆ ತಲುಪಿಸಿ. ಬಿಸಿಲಿನಲ್ಲಿ ಬಸ್ಸಿಗೆ ಕಾಯುತ್ತ ಇಟ್ಟುಕೊಂಡರೆ ಸೀಸೆಯೊಳಗೇ ಬ್ಯಾಕ್ಟೀರಿಯ ಬೆಳೆದು ಲೆಕ್ಕ ತಪ್ಪುತ್ತದೆ.